ಅಮೆರಿಕಕ್ಕೆ ಕೆ-1 (ನಿಶ್ಚಿತಾರ್ಥ ಆದವರ ವೀಸಾ) ಹಾಕಬೇಕಾ, ಇಲ್ಲೇ ಮದುವೆ ಮುಗಿಸಿ ಸಿಆರ್-1 (ಮದುವೆ ಆದವರ ವೀಸಾ) ಹಾಕಬೇಕಾ? ಅನುಭವ ಇದ್ದವರು ಹೇಳಿ

ಮುಲುಂಡ್‌ನಿಂದ:
ನಾನು ಅಮ್ಮನ ಜೊತೆ ಮುಲುಂಡ್‌ನಲ್ಲಿದ್ದೇನೆ. ಬ್ಯಾಂಕ್ ಕೆಲಸ. ಊರು ಹುಬ್ಬಳ್ಳಿ. ಹುಡುಗ ಟೆಕ್ಸಸ್‌ನಲ್ಲಿದ್ದಾನೆ, ಅಮೆರಿಕದ ಸಿಟಿಜನ್. ನಿಶ್ಚಿತಾರ್ಥ ಆಗಿದೆ. ಅವರ ಮನೆಯವರು ಕೆ-1 ಹಾಕೋಣ, ಮದುವೆ ಅಲ್ಲೇ ಆಗಲಿ ಅನ್ನುತ್ತಾರೆ. ಅಮ್ಮನಿಗೆ ಹುಬ್ಬಳ್ಳಿಯಲ್ಲೇ ಮದುವೆ ಆಗಬೇಕು. ಅಲ್ಲಿಗೆ ಹೋಗಿ ಕೆಲಸವಿಲ್ಲದೆ ಕೂರುವುದು ನನ್ನಿಂದ ಆಗದು. ಅಮ್ಮನಿಗೆ ಏನಾದರೂ ಆದರೆ ತಕ್ಷಣ ಬರುವಂತೆಯೂ ಇರಬೇಕು. ಯಾವುದು ಒಳ್ಳೆಯದು?

ಡೊಂಬಿವಲಿಯಿಂದ:
ನಾನು ಕೆ-1ನಲ್ಲಿ ಹೋದವಳು. ಸದ್ಯ ಅಪ್ಪನ ಮನೆಗೆ ಬಂದಿದ್ದೇನೆ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ. ಬೇಗ ಆಗುತ್ತದೆ ಅಂತ ಎಲ್ಲರೂ ಹೇಳಿದರು. ವೀಸಾ ಕೈಗೆ ಬಂದಾಗ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ನಿಜವಾದ ಖರ್ಚು ಶುರುವಾಗುವುದೇ ಅಲ್ಲಿಂದ. ಇಳಿದ 90 ದಿನದೊಳಗೆ ಮದುವೆ ಆಗಬೇಕು. ಆಯಿತು, ಕೌಂಟಿ ಆಫೀಸಿನಲ್ಲಿ. ನನ್ನ ಕಡೆಯಿಂದ ಒಬ್ಬರೂ ಇರಲಿಲ್ಲ. ಆಮೇಲೆ ಐ-485, ಅಂದರೆ ಅಲ್ಲೇ ಇದ್ದು ಗ್ರೀನ್ ಕಾರ್ಡ್ ಕೇಳುವ ಅರ್ಜಿ. ಲೆಕ್ಕ ಕೇಳಿ. ಕೆ-1ಗಾಗಿ ಹುಡುಗ ಮೊದಲು ಹಾಕುವ ಐ-129ಎಫ್ ಅರ್ಜಿಗೆ 675 ಡಾಲರ್, ವೀಸಾಗೆ 265, ಐ-485ಗೆ 1,440, ಕೆಲಸದ ಪರ್ಮಿಟ್‌ಗೆ 260, ಅಡ್ವಾನ್ಸ್ ಪೆರೋಲ್‌ಗೆ (ಗ್ರೀನ್ ಕಾರ್ಡ್ ಬರುವ ಮುಂಚೆ ಹೊರಗೆ ಹೋಗಿ ವಾಪಸ್ ಬರುವ ಅನುಮತಿ) 630. ಒಟ್ಟು 3,270 ಡಾಲರ್, ಮೆಡಿಕಲ್ ಬೇರೆ. 2024ರ ಏಪ್ರಿಲ್‌ಗೆ ಮೊದಲು 1,225 ಡಾಲರ್‌ನಲ್ಲೇ ಪರ್ಮಿಟ್, ಪೆರೋಲ್ ಎಲ್ಲ ಸೇರಿತ್ತು. ನಮಗೆ ಆ ಭಾಗ್ಯವಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಕಟ್ಟಿದೆವು. ಸಿಆರ್-1 ಹಾಕಿದ ನನ್ನ ಕಸಿನ್‌ಗೆ ಗಂಡ ಹಾಕುವ ಐ-130 ಅರ್ಜಿಗೆ 675, ಕಾಗದಪತ್ರ ನೋಡುವ ಎನ್‌ವಿಸಿಗೆ (ನ್ಯಾಷನಲ್ ವೀಸಾ ಸೆಂಟರ್) 120 ಮತ್ತು 325, ಗ್ರೀನ್ ಕಾರ್ಡ್‌ಗೆ 235, ಅಷ್ಟೇ, 1,355. ಇಳಿದ ದಿನದಿಂದ ಕೆಲಸ ಮಾಡಬಹುದಿತ್ತು, ಬೇಕಾದಾಗ ಊರಿಗೆ ಬರಬಹುದಿತ್ತು.

ನಾನು ಪರ್ಮಿಟ್ ಬರುವವರೆಗೆ ಮನೆಯಲ್ಲಿ ಕೂತೆ. ಎಂಟು ವರ್ಷ ದುಡಿದವಳು ಶ್ಯಾಂಪೂ ತರಲೂ ಗಂಡನ ಕಾರ್ಡ್ ಕೇಳಬೇಕಾಯಿತು. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದಾಗ ಅಡ್ವಾನ್ಸ್ ಪೆರೋಲ್ ಕೈಯಲ್ಲಿರಲಿಲ್ಲ. ಅದಿಲ್ಲದೆ ದೇಶ ಬಿಟ್ಟರೆ ಐ-485 ಬಿಟ್ಟುಕೊಟ್ಟಂತೆ. ಐಸಿಯು ಬಾಗಿಲನ್ನು ಅಣ್ಣನ ಫೋನಿನಲ್ಲಿ ನೋಡಿದೆ. ಹಣ ಹೋದದ್ದು ಹೋಗಲಿ, ಇದನ್ನು ನಾನು ಮರೆಯುವುದಿಲ್ಲ.

ನೆರೂಲ್‌ನಿಂದ:
ಎಲ್ಲರನ್ನೂ ಹೀಗೆ ಹೆದರಿಸಬೇಡಿ. ನಾನೂ ಕೆ-1ನಲ್ಲೇ ಹೋದವಳು, ಮತ್ತೆ ಅವಕಾಶ ಸಿಕ್ಕರೂ ಅದನ್ನೇ ಹಾಕುತ್ತೇನೆ. ನಾವಿಬ್ಬರೂ ಮದುವೆಗೆ ಮುಂಚೆ ಒಂದೇ ಊರಲ್ಲಿ ಇದ್ದವರಲ್ಲ. ಇಲ್ಲಿ ಮದುವೆ ಮಾಡಿಕೊಂಡು, ತಾಳಿ ಕಟ್ಟಿಸಿಕೊಂಡು, ಮತ್ತೆ ಒಂದು ವರ್ಷದ ಮೇಲೆ ಬೇರೆ ಬೇರೆ ಇರುವುದು, ಅತ್ತೆ ಮನೆಯವರು ದಿನಾ "ವೀಸಾ ಏನಾಯಿತು" ಅಂತ ಕೇಳುವುದು, ಇದೆಲ್ಲ ನನಗೆ ಬೇಡವಾಗಿತ್ತು. ಅಲ್ಲಿ ಹೋಗಿ ಮನುಷ್ಯನನ್ನು ನೋಡಿ, ಅವನ ಮನೆ ನೋಡಿ, ಮದುವೆ ಆದೆ. ಇಷ್ಟವಾಗದಿದ್ದರೆ 90 ದಿನದೊಳಗೆ ವಾಪಸ್ ಬರುತ್ತಿದ್ದೆ. ಹೆಣ್ಣುಮಕ್ಕಳಿಗೆ ಇಂಥ ಅವಕಾಶ ಎಷ್ಟು ಸಲ ಸಿಗುತ್ತದೆ? ಅಡ್ವಾನ್ಸ್ ಪೆರೋಲ್ ಅನ್ನು ಐ-485 ಜೊತೆಗೇ ಹಾಕಬೇಕು. ಹಾಕದೆ ಆಮೇಲೆ ಅತ್ತರೆ ಏನು ಪ್ರಯೋಜನ?

ಡೊಂಬಿವಲಿಯಿಂದ:
ಜೊತೆಗೇ ಹಾಕಿದ್ದೆ. 630 ಡಾಲರ್ ಅಂತ ಮೇಲೆ ಬರೆದದ್ದು ಅದಕ್ಕೇ. ಹಾಕುವುದು ಬೇರೆ, ಬರುವುದು ಬೇರೆ. ಓದಿ ಬರೆಯಿರಿ.

ನೆರೂಲ್‌ನಿಂದ:
ಎಮರ್ಜೆನ್ಸಿಗೆ ಅಪಾಯಿಂಟ್‌ಮೆಂಟ್ ತಗೊಂಡು ಅಂದೇ ಪೆರೋಲ್ ಕೇಳಲು ಅವಕಾಶ ಇದೆ.

ಡೊಂಬಿವಲಿಯಿಂದ:
ಶುಕ್ರವಾರ ರಾತ್ರಿ ಅಟ್ಯಾಕ್ ಆದರೆ ಯಾವ ಆಫೀಸು ತೆರೆದಿರುತ್ತದೆ ಹೇಳಿ. ಅಣ್ಣ ಕಳಿಸಿದ ಆಸ್ಪತ್ರೆ ಪತ್ರದಲ್ಲಿ ಡಾಕ್ಟರ್ ಸಹಿಯೇ ಇರಲಿಲ್ಲ. ಅದನ್ನು ಸರಿ ಮಾಡಿಸಲು ಇನ್ನೊಂದು ದಿನ. ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು, ಅದಕ್ಕೇ ಕೆ-1 ಚೆನ್ನಾಗಿತ್ತು.

ಘಾಟ್ಕೋಪರ್‌ನಿಂದ:
ನಾನು ಗಂಡಸು, ಹೆಂಡತಿ ಅಲ್ಲಿಯ ಸಿಟಿಜನ್. ನಮ್ಮ ಕಥೆಯನ್ನು ಈ ಮುಲುಂಡ್‌ನವರು ಗಮನವಿಟ್ಟು ಓದಬೇಕು. ನಮ್ಮದೂ ಕೆ-1. ನಿಶ್ಚಿತಾರ್ಥ ಹಾಲ್‌ನಲ್ಲಿ ಜೋರಾಗಿ ಆಯಿತು. ಭಟ್ಟರು, ಲಗ್ನಪತ್ರಿಕೆ, ಉಂಗುರ, ಸೀರೆ, ಹಾರ, ಮುನ್ನೂರು ಜನರ ಊಟ. ಸಂಬಂಧ ನಿಜ ಅಂತ ತೋರಿಸಲು ವಕೀಲರು ಆಲ್ಬಮ್ ಪೂರ್ತಿ ಹಾಕಿಸಿದರು. ಇಂಟರ್‌ವ್ಯೂನಲ್ಲಿ ಆಫೀಸರ್ ಒಂದು ಫೋಟೋ ತೋರಿಸಿ ಇದು ಮದುವೆ ಅಲ್ಲವೇ ಅಂತ ಕೇಳಿದರು. ಹಾರ ಬದಲಾಯಿಸಿದ್ದೀರಿ, ತಲೆ ಮೇಲೆ ಅಕ್ಷತೆ ಬಿದ್ದಿದೆ, ಪುರೋಹಿತರು ಕೂತಿದ್ದಾರೆ. ತಾಳಿ ಇಲ್ಲ, ಸಪ್ತಪದಿ ಇಲ್ಲ, ಇದು ನಿಶ್ಚಿತಾರ್ಥ ಅಂತ ಎಷ್ಟು ಹೇಳಿದರೂ 221(ಜಿ) ಕಾಗದ, ಅಂದರೆ ಸದ್ಯಕ್ಕೆ ವೀಸಾ ಇಲ್ಲ ಅನ್ನುವ ಚೀಟಿ, ಕೈಗೆ ಬಂತು. ಫೈಲ್ ಅಮೆರಿಕಕ್ಕೆ ವಾಪಸ್. ಕೆ-1 ಮದುವೆ ಆಗದವರಿಗೆ ಮಾತ್ರ. ಮದುವೆ ಆದ ಹಾಗೆ ಕಂಡರೆ ಅದು ಸಿಗುವುದಿಲ್ಲ. ಸಿಆರ್-1 ಕೇಳೋಣ ಅಂದರೆ ಮದುವೆ ಸರ್ಟಿಫಿಕೇಟ್ ಇಲ್ಲ. ಅದಕ್ಕೆ ನಾವು ಪೂರ್ತಿ ಮದುವೆ ಆದವರೂ ಅಲ್ಲ. ನಡುವೆ ಸಿಕ್ಕಿಕೊಂಡೆವು.

ರಿಜಿಸ್ಟರ್ ಮಾಡಿಸಿಲ್ಲ, ಹಾಗಾಗಿ ಮದುವೆ ಆಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ ಆಗುತ್ತದೆ. ರಿಜಿಸ್ಟ್ರೇಷನ್ ಅದಕ್ಕೆ ಸಾಕ್ಷಿ ಅಷ್ಟೇ. ಕೊನೆಗೆ ನಾವು ಮದುವೆ ಮಾಡಿ, ವಾರ್ಡ್ ಆಫೀಸಿನಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡು, ಐ-130 ಮೊದಲಿನಿಂದ ಹಾಕಿದೆವು. ಐ-129ಎಫ್ ಹಣ, ವೀಸಾ ಫೀಸು, ವಕೀಲರ ಹಣ, ಮೆಡಿಕಲ್ ಎಲ್ಲ ನೀರಿಗೆ ಹೋಯಿತು. ಎರಡನೇ ಮೆಡಿಕಲ್‌ನಲ್ಲಿ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡಿತು ಅಂತ ಕಫದ ಕಲ್ಚರ್ ಮಾಡಿಸಿದರು. ಅದರ ವರದಿಗೇ ಎಂಟು ವಾರದವರೆಗೆ ಕಾಯಬೇಕು.

ಆದ್ದರಿಂದ ಮೊದಲು ಹೇಳಿ, ನಿಮ್ಮ ನಿಶ್ಚಿತಾರ್ಥದಲ್ಲಿ ಹಾರ ಹಾಕಿದ್ದೀರಾ?

ಕೋಥ್ರೂಡ್, ಪುಣೆಯಿಂದ:
ನಮ್ಮದು ಜರ್ಮನಿ, ಆದರೂ ಹೇಳುತ್ತೇನೆ. ಗಂಡ ಅಲ್ಲಿಯ ಪಾಸ್‌ಪೋರ್ಟ್ ತಗೊಂಡ, ಎಲ್ಲ ಸುಲಭವಾಗುತ್ತದೆ ಅಂದುಕೊಂಡೆವು. ಜರ್ಮನ್ ನಾಗರಿಕನ ಹೆಂಡತಿಗೆ ಎ1 (ಮೊದಲ ಹಂತದ) ಜರ್ಮನ್ ಭಾಷಾ ಪರೀಕ್ಷೆ ಬೇಕು. ನಮ್ಮ ಪಕ್ಕದ ಮನೆಯವಳ ಗಂಡ ಇನ್ನೂ ಭಾರತದ ಪಾಸ್‌ಪೋರ್ಟಿನವನು, ಬ್ಲೂ ಕಾರ್ಡ್ (ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಪರ್ಮಿಟ್) ಇದೆ. ಅವಳಿಗೆ ಪರೀಕ್ಷೆ ಬೇಡ! ನಾನು ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಸಂಜೆ ಕ್ಲಾಸಿಗೆ ಹೋದೆ. ಹಿಂಜವಡಿಯಿಂದ ಆ ಟ್ರಾಫಿಕ್‌ನಲ್ಲಿ, ಮಗುವನ್ನು ಅತ್ತಿಗೆ ಹತ್ತಿರ ಬಿಟ್ಟು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನೂರಕ್ಕೆ 60 ಬರಬೇಕು. ನನಗೆ 88 ಬಂತು. ಈ ಅಂಕ ಯಾರೂ ಕೇಳುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಜರ್ಮನ್ ನಾಗರಿಕನ ಹೆಂಡತಿಗೆ ವೀಸಾ ಫೀಸೇ ಇಲ್ಲ. ಹೋದ ಮೇಲೆ ಕೆಲಸಕ್ಕೆ ಅಡ್ಡಿಯಿಲ್ಲ. ಅಮೆರಿಕದ ಲೆಕ್ಕ ಓದಿ ನನಗೆ ತಲೆ ತಿರುಗಿತು.

ಪಿಂಪ್ರಿಯಿಂದ:
ಜರ್ಮನಿಗೆ ಈಗ ಎ1 ಬೇಡ. ತಪ್ಪು ಮಾಹಿತಿ ಕೊಡಬೇಡಿ. ಅಮೆರಿಕದ್ದಂತೂ ಇಷ್ಟು ತಲೆಬಿಸಿ ಯಾಕೆ? ಟೂರಿಸ್ಟ್ ವೀಸಾ ಇದ್ದರೆ ಹೋಗಿ, ಅಲ್ಲೇ ಮದುವೆ ಆಗಿ, ಅಲ್ಲೇ ಗ್ರೀನ್ ಕಾರ್ಡ್ ಹಾಕಿ. ನನ್ನ ಫ್ರೆಂಡ್ ಹಾಗೇ ಮಾಡಿದ, ಒಂದು ತೊಂದರೆ ಆಗಲಿಲ್ಲ.

ಕೋಥ್ರೂಡ್, ಪುಣೆಯಿಂದ:
ಬ್ಲೂ ಕಾರ್ಡ್‌ನವರ ಮನೆಯವರಿಗೆ ಬೇಡ ಅಂತ ನಾನೇ ಬರೆದಿದ್ದೇನೆ. ಜರ್ಮನ್ ನಾಗರಿಕರ ಮನೆಯವರಿಗೆ ಬೇಕು. ಪರೀಕ್ಷೆ ಬರೆದವಳಿಗೆ ಪಾಠ ಹೇಳಬೇಡಿ.

ಘಾಟ್ಕೋಪರ್‌ನಿಂದ:
ಪಿಂಪ್ರಿಯವರೇ, ಈ ಸಲಹೆ ಕೊಡಬೇಡಿ, ಕೈಮುಗಿದು ಕೇಳುತ್ತೇನೆ. ಸುತ್ತಾಡಲು ಬಂದೆ ಅಂತ ಏರ್‌ಪೋರ್ಟಿನಲ್ಲಿ ಹೇಳಿ, ಮನಸ್ಸಿನಲ್ಲಿ ಮದುವೆ ಇಟ್ಟುಕೊಂಡು ಹೋಗಿದ್ದು ಸುಳ್ಳು ಅಂತ ತೀರ್ಮಾನವಾದರೆ ಆ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ನಿಮ್ಮ ಫ್ರೆಂಡ್ ಪಾರಾದ ಅಂತ ಬೇರೆಯವರ ಮಗಳನ್ನು ಅಲ್ಲಿಗೆ ತಳ್ಳುತ್ತೀರಾ?

ಪಿಂಪ್ರಿಯಿಂದ:
ಅನುಭವ ಹೇಳಿ ಅಂದರು, ಹೇಳಿದೆ.

ಘಾಟ್ಕೋಪರ್‌ನಿಂದ:
ನಿಮ್ಮ ಅನುಭವ ಅಲ್ಲವಲ್ಲ ಅದು.

ವಾಸ್ಕೋದಿಂದ:
ಅಮೆರಿಕದವರು ಅದೃಷ್ಟವಂತರು, ಸಂಬಳ ಸಾಲದಿದ್ದರೆ ಇನ್ನೊಬ್ಬ ಸ್ಪಾನ್ಸರ್ ಜೊತೆ ಸೇರಿಸಬಹುದು. ನನ್ನ ಹೆಂಡತಿ ಮಡಗಾಂವ್‌ನವಳು. ಅವಳ ಅಜ್ಜ ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ, ಅಂದರೆ 1961ರ ಡಿಸೆಂಬರ್ 19ಕ್ಕೆ ಮುಂಚೆ, ಅಲ್ಲಿ ಹುಟ್ಟಿದವರು, ಹಾಗಾಗಿ ಪೋರ್ಚುಗೀಸ್ ಪಾಸ್‌ಪೋರ್ಟ್. ಬ್ರೆಕ್ಸಿಟ್‌ಗೆ ಮುಂಚೆ ಇಂಗ್ಲೆಂಡಿಗೆ ಹೋದವಳು, ಸೆಟಲ್ಡ್ ಸ್ಟೇಟಸ್ (ಅಲ್ಲೇ ಕಾಯಂ ಇರುವ ಹಕ್ಕು) ಇದೆ. 2020ರ ಡಿಸೆಂಬರ್ 31ರೊಳಗೆ ನಮ್ಮ ಸಂಬಂಧ ಇದ್ದಿದ್ದರೆ ನಾನು ಫೀಸಿಲ್ಲದೆ ಹೋಗುತ್ತಿದ್ದೆ. ನಾವು ಭೇಟಿಯಾದದ್ದೇ 2021ರಲ್ಲಿ. ಹಾಗಾಗಿ ಸ್ಪೌಸ್ ವೀಸಾ. ಮೊದಲು ಅವಳಿಗೆ ವರ್ಷಕ್ಕೆ 18,600 ಪೌಂಡ್ ಸಂಬಳ ಇದ್ದರೆ ಸಾಕಿತ್ತು, ಅವಳಿಗೆ ಅದಕ್ಕಿಂತ ಜಾಸ್ತಿಯೇ ಇತ್ತು. 2024ರ ಏಪ್ರಿಲ್ 11ರಿಂದ 29,000 ಮಾಡಿದರು. ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ ಹಿಡಿದು ಅಷ್ಟು ಮುಟ್ಟಿಸಿದಳು. ನಾವು ಕಟ್ಟಿದ ಫೀಸು 1,938 ಪೌಂಡ್, ಆರೋಗ್ಯ ಸರ್‌ಚಾರ್ಜ್ 3,105. ಒಟ್ಟು 5,043 ಪೌಂಡ್, ಟಿಬಿ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಬೇರೆ. ಇಷ್ಟಕ್ಕೆ ಸಿಗುವುದು 33 ತಿಂಗಳು. ಆಮೇಲೆ ಮತ್ತೆ ಕಟ್ಟಬೇಕು.

ಇನ್ನೊಂದು ವಿಷಯ. ಬೇಗ ಆಗುತ್ತದೆ ಅಂತ ಯಾರೂ ಗೋವಾಕ್ಕೆ ಬಂದು ಮದುವೆ ರಿಜಿಸ್ಟರ್ ಮಾಡಿಸಲು ನೋಡಬೇಡಿ. ಇಲ್ಲಿ ಸಿವಿಲ್ ರಿಜಿಸ್ಟ್ರಾರ್ ಮುಂದೆ ಎರಡು ಸಲ ಸಹಿ ಮಾಡಬೇಕು. ಮೊದಲ ಸಹಿ ಮದುವೆ ಆಗುವ ಇಚ್ಛೆಗೆ, ಎರಡನೆಯದರಿಂದಲೇ ಮದುವೆ. ಇಲ್ಲಿ ವಾಸವಿರುವ ದಾಖಲೆಯನ್ನೂ ಕೇಳುತ್ತಾರೆ. ಮೊದಲ ಸಹಿ ಮಾಡಿ ಊಟ ಹಾಕಿಸಿ ಫಾರಿನ್‌ಗೆ ಹೋದವರು ಮತ್ತೆ ಟಿಕೆಟ್ ತಗೊಂಡು ಬಂದದ್ದನ್ನು ನೋಡಿದ್ದೇನೆ.

ಮುಲುಂಡ್‌ನಿಂದ:
ಹಾರ ಹಾಕಿದ್ದೇವೆ. ವೀಡಿಯೋದಲ್ಲಿ ಅಕ್ಷತೆಯೂ ಇದೆ. ಅದನ್ನೆಲ್ಲ ಹುಡುಗನ ಅತ್ತಿಗೆ ಫೇಸ್‌ಬುಕ್‌ನಲ್ಲಿ ಹಾಕಿದ್ದಾರೆ, "ಮದುವೆ ಸಂಭ್ರಮ" ಅಂತ ಬರೆದು. ಹಾಗಾದರೆ ಹುಬ್ಬಳ್ಳಿ ಮದುವೆ, ಸಿಆರ್-1. ಇವತ್ತೇ ಹುಡುಗನಿಗೆ ಹೇಳುತ್ತೇನೆ. ಇನ್ನೊಂದು ತೊಡಕಿದೆ. ನನ್ನ ಜನನ ಪ್ರಮಾಣಪತ್ರ ಕನ್ನಡದಲ್ಲಿದೆ, ಅದರಲ್ಲಿ ನನ್ನ ಹೆಸರೇ ಇಲ್ಲ, "ಹೆಣ್ಣು ಮಗು" ಅಂತ ಮಾತ್ರ ಇದೆ.

ನೆರೂಲ್‌ನಿಂದ:
ಹೆಸರು ಸೇರಿಸಲು ಆಗುತ್ತದಾ ಅಂತ ಹುಬ್ಬಳ್ಳಿಯಲ್ಲೇ ಕೇಳಿ, ಈಗಲೇ ಶುರು ಮಾಡಿ. ಇಂಗ್ಲಿಷ್ ಅನುವಾದಕ್ಕೆ ಅನುವಾದಕರ ಸಹಿ ಇರುವ ಹೇಳಿಕೆ ಹಾಕಿಸಿ. ಮದುವೆ ಆದ ತಕ್ಷಣ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರೂ ಅಡ್ಡಹೆಸರೂ ಸೇರಿಸಿಬಿಡಿ.

ಡೊಂಬಿವಲಿಯಿಂದ:
ಅದನ್ನು ಮಾಡಲೇಬೇಡಿ. ನಮ್ಮ ಮಹಾರಾಷ್ಟ್ರದಲ್ಲಿ ಮದುವೆ ಆದ ಮೇಲೆ ಅಪ್ಪನ ಹೆಸರು ತೆಗೆದು ನಡುವೆ ಗಂಡನ ಹೆಸರು ಹಾಕುತ್ತಾರೆ. ನನ್ನ ಚಿಕ್ಕಮ್ಮನ ಶಾಲೆ ಸರ್ಟಿಫಿಕೇಟ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಇನಿಷಿಯಲ್. ಮೂರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಸಾಕಾಯಿತು. ಹೆಸರು ಬದಲಾಯಿಸಲೇಬೇಕು ಅಂತ ಎಲ್ಲೂ ಇಲ್ಲ. ಹುಟ್ಟಿದ ಹೆಸರಿನಲ್ಲೇ ಪೂರ್ತಿ ಫೈಲ್ ಹೋಗಲಿ.

ನೆರೂಲ್‌ನಿಂದ:
ನಾನು ಬದಲಾಯಿಸಿದೆ, ಏನೂ ಆಗಲಿಲ್ಲ. ನನಗೆ ಅವರ ಅಡ್ಡಹೆಸರು ಬೇಕಿತ್ತು, ಹಾಕಿಕೊಂಡೆ. ಇದಕ್ಕೂ ನಿಮ್ಮ ಅನುಮತಿ ಬೇಕಾ?

ಡೊಂಬಿವಲಿಯಿಂದ:
ಪ್ರಶ್ನೆ ಕೇಳಿದವರು ನೀವಲ್ಲ. ಕೇಳಿದವರಿಗೆ ಹೇಳಿದೆ.

ವಾಸ್ಕೋದಿಂದ:
ಸಂಬಳದ ಬದಲು ಉಳಿತಾಯ ತೋರಿಸಿ ಯುಕೆ ಸ್ಪೌಸ್ ವೀಸಾ ತಗೊಂಡವರು ಯಾರಾದರೂ ಇದ್ದಾರಾ? ನನ್ನ ತಮ್ಮನ ಮನೆಯವರಿಗೆ ಬೇಕು. 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿರಬೇಕು. ವಾಸ್ಕೋದ ಫ್ಲ್ಯಾಟ್ ಮಾರಿದ ಹಣವಿದೆ, ಮಾರಾಟದ ಕಾಗದ ಮಾತ್ರ ನಮ್ಮ ಅಪ್ಪನ ಹೆಸರಿನಲ್ಲಿದೆ. ದಾನಪತ್ರ ಮಾಡಿಸಿದರೆ ನಡೆಯುತ್ತದಾ?