20 ಮೆಗಾಹರ್ಟ್ಸ್ ಟ್ರಾನ್ಸ್‌ಡ್ಯೂಸರ್: ಎಕೋ ತೀರಾ ಸಣ್ಣದು, ರಿಂಗಿಂಗ್ ಜಾಸ್ತಿ

ಪ್ರಶ್ನೆ:
ನೀರಿನಲ್ಲಿ ಮುಳುಗಿಸಿ ಬಳಸುವ 20 ಮೆಗಾಹರ್ಟ್ಸ್ ಟ್ರಾನ್ಸ್‌ಡ್ಯೂಸರ್ (ಶಬ್ದದ ಪಲ್ಸ್ ಕಳಿಸಿ ಎಕೋ ಹಿಡಿಯುವ ಸಾಧನ) ಮಾಡುತ್ತಿದ್ದೇನೆ. ಪಿಜೆಡ್‌ಟಿ-5ಎಚ್ (ವಿದ್ಯುತ್ ಕೊಟ್ಟರೆ ಕಂಪಿಸುವ ಸೆರಾಮಿಕ್) ಬಿಲ್ಲೆ, ವ್ಯಾಸ 3 ಮಿಮೀ, ದಪ್ಪ 0.1 ಮಿಮೀ. ಹಿಂಬದಿಗೆ ಬ್ಯಾಕಿಂಗ್ ಆಗಿ 5 ಮಿಮೀ ಸಾದಾ ಎಪಾಕ್ಸಿ. ತಂತಿಗಳನ್ನು ಬೆಸುಗೆ ಹಾಕಿದ್ದೇನೆ. ಪಲ್ಸರ್ (ವಿದ್ಯುತ್ ಪಲ್ಸ್ ಕೊಡುವ ಉಪಕರಣ) 50 ಓಮ್‌ನದು. 10 ಮಿಮೀ ದೂರದಲ್ಲಿ 12 ಮಿಮೀ ದಪ್ಪದ ಉಕ್ಕಿನ ತುಂಡು ಇಟ್ಟಿದ್ದೇನೆ. ಎಕೋ ತೀರಾ ಸಣ್ಣದು, ಹಿಂದೆಯೇ ಉದ್ದನೆಯ ರಿಂಗಿಂಗ್ (ಬೇಗ ನಿಲ್ಲದ ಕಂಪನ). ಸುಮಾರು 4 ಮೈಕ್ರೋಸೆಕೆಂಡ್ ಆದಮೇಲೆ ಇನ್ನೊಂದು ಉಬ್ಬು ಬರುತ್ತದೆ. ಬಿಲ್ಲೆ ಒಡೆದಿದೆಯಾ?

ಉತ್ತರ:
ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಆ 4 ಮೈಕ್ರೋಸೆಕೆಂಡ್ ಎರಡು ಕಡೆಯಿಂದ ಬರಬಹುದು. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5900 ಮೀಟರ್, ಹಾಗಾಗಿ 12 ಮಿಮೀ ಹೋಗಿ ಬರಲು 4 ಮೈಕ್ರೋಸೆಕೆಂಡ್ ಬೇಕು. ಎಪಾಕ್ಸಿಯಲ್ಲಿ ವೇಗ ಸುಮಾರು 2600, ಅಲ್ಲಿ 5 ಮಿಮೀ ಹೋಗಿ ಬಂದರೂ ಹತ್ತಿರ ಹತ್ತಿರ ಅಷ್ಟೇ. ಉಕ್ಕನ್ನು ತೆಗೆದುಬಿಡಿ. ಪಲ್ಸ್ ಬಿಟ್ಟ ನಂತರವೂ ಅದೇ ಅಂತರದಲ್ಲಿ ಉಬ್ಬು ಕಂಡರೆ ಅದು ನಿಮ್ಮ ಬ್ಯಾಕಿಂಗ್‌ನ ಹಿಂಬದಿಯಿಂದ ಬರುತ್ತಿದೆ.

ಬೆಸುಗೆ ಹಾಕಿದ್ದು ಎಷ್ಟು ಬಿಸಿಯಲ್ಲಿ? 5ಎಚ್‌ನ ಕ್ಯೂರಿ ತಾಪಮಾನ (ಇದನ್ನು ದಾಟಿದರೆ ಕಂಪಿಸುವ ಗುಣ ಹೋಗುತ್ತದೆ) ಸುಮಾರು 190 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಇಷ್ಟು ತೆಳು ಬಿಲ್ಲೆ ಕ್ಷಣದಲ್ಲೇ ಕಾದು ಪೋಲಿಂಗ್, ಅಂದರೆ ಆ ಗುಣ ಕೊಡುವ ಒಳಗಿನ ವಿದ್ಯುತ್ ಜೋಡಣೆಯನ್ನು, ಕಳೆದುಕೊಳ್ಳುತ್ತದೆ.

ಪ್ರಶ್ನಿಸಿದವರು:
ಉಕ್ಕು ತೆಗೆದೆ. ಉಬ್ಬು ಅಲ್ಲೇ ಇದೆ! ಬೆಸುಗೆ 350 ಡಿಗ್ರಿಯಲ್ಲಿ ಹಾಕಿದ್ದು. ಇದೇ ಅಳತೆಯ ಹೊಸ ಬಿಲ್ಲೆಗಳು ಇನ್ನೂ ಇವೆ. ಅದರಲ್ಲೇ ಮತ್ತೆ ಮಾಡಲೇ?

ಉತ್ತರ:
ಅದೇ ಅಳತೆಯಲ್ಲಿ ಬೇಡ. ಎಲ್ಲರೂ ದಪ್ಪವನ್ನು ಲೆಕ್ಕ ಹಾಕುತ್ತಾರೆ, ವಿಸ್ತೀರ್ಣವನ್ನು ಮರೆಯುತ್ತಾರೆ. ಹೈ ಫ್ರೀಕ್ವೆನ್ಸಿಯಲ್ಲಿ ಕೈಕೊಡುವುದು ಅದೇ. ನಿಮ್ಮ ಬಿಲ್ಲೆಯ ಕೆಪಾಸಿಟೆನ್ಸ್ 900 ಪಿಕೋಫ್ಯಾರಡ್ ಆಸುಪಾಸು ಬರುತ್ತದೆ. 20 ಮೆಗಾಹರ್ಟ್ಸ್‌ನಲ್ಲಿ ಅದರ ಇಂಪೆಡೆನ್ಸ್ (ವಿದ್ಯುತ್ ತಡೆ) 9 ಓಮ್‌ಗಿಂತ ಕಡಿಮೆ. 50 ಓಮ್ ಪಲ್ಸರ್‌ಗೆ ಇದು ಹೆಚ್ಚುಕಡಿಮೆ ಶಾರ್ಟ್ ಇದ್ದಂತೆ.

ವ್ಯಾಸ 1.25 ಮಿಮೀ ಮಾಡಿದರೆ 50 ಓಮ್ ಸಿಗುತ್ತದೆ. ಆದರೆ ಆಗ ನಿಯರ್ ಫೀಲ್ಡ್ (ಬೀಮ್ ಹರಡಲು ಶುರುವಾಗುವ ಮೊದಲಿನ ವಲಯ) ನೀರಿನಲ್ಲಿ 5 ಮಿಮೀಗೇ ಮುಗಿಯುತ್ತದೆ, ನಿಮ್ಮ 10 ಮಿಮೀ ತಲುಪುವಷ್ಟರಲ್ಲಿ ಬೀಮ್ ಅಗಲವಾಗಿರುತ್ತದೆ. ನಾನಾದರೆ 1.8 ಮಿಮೀ ಆರಿಸುತ್ತೇನೆ. ಸುಮಾರು 24 ಓಮ್, ನಿಯರ್ ಫೀಲ್ಡ್ 10 ಮಿಮೀಗಿಂತ ತುಸು ಆಚೆ. ಉಳಿದ ವ್ಯತ್ಯಾಸವನ್ನು ಸಣ್ಣ ಇಂಡಕ್ಟರ್‌ನಿಂದ ಸರಿಮಾಡಬಹುದು. ಪಿಜೆಡ್‌ಟಿ ಬದಲು ಲಿಥಿಯಂ ನಿಯೋಬೇಟ್ ಬಿಲ್ಲೆಯ ಕಡೆ ಹೋಗಬೇಡಿ. 40 ಮೆಗಾಹರ್ಟ್ಸ್‌ಗೆ ಅದು ಚೆನ್ನ, ಆದರೆ ಇಲ್ಲಿ ಇಷ್ಟು ಸಣ್ಣ ಬಿಲ್ಲೆಗೆ ಓಮ್ ಸಾವಿರ ದಾಟುತ್ತದೆ.

ಬ್ಯಾಕಿಂಗ್ ವಿಷಯ. ಪಿಜೆಡ್‌ಟಿಯ ಅಕೌಸ್ಟಿಕ್ ಇಂಪೆಡೆನ್ಸ್ (ಶಬ್ದಕ್ಕೆ ವಸ್ತು ಒಡ್ಡುವ ತಡೆ) ಸುಮಾರು 34 ಮೆಗಾರೇಲ್, ಸಾದಾ ಎಪಾಕ್ಸಿಯದು 3. ಕಂಪನ ಹೊರಗೆ ಹೋಗದೆ ಬಿಲ್ಲೆಯಲ್ಲೇ ಸುತ್ತುತ್ತದೆ, ನಿಮ್ಮ ರಿಂಗಿಂಗ್ ಇದೇ. ಎಪಾಕ್ಸಿಗೆ ಟಂಗ್‌ಸ್ಟನ್ ಪುಡಿ ಬೆರೆಸಿ, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆಯಿರಿ. 6ರಿಂದ 8 ಮೆಗಾರೇಲ್ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಎಕೋ ಇನ್ನೂ ಸಣ್ಣದಾಗುತ್ತದೆ. ಹಿಂಬದಿಯನ್ನು ಓರೆಯಾಗಿ ಕತ್ತರಿಸಿ ಒರಟಾಗಿ ಬಿಡಿ, ಉಬ್ಬು ಹೋಗುತ್ತದೆ. ತಂತಿಗೆ ಬೆಸುಗೆ ಬೇಡ, ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ, ವಿದ್ಯುತ್ ಹರಿಸುವ ಸಿಲ್ವರ್ ಎಪಾಕ್ಸಿ ಹಾಕಿ. ಬ್ಯಾಕಿಂಗ್ ಹಾಕುವ ಮೊದಲು ಬಿಡಿ ಬಿಲ್ಲೆಯ ಇಂಪೆಡೆನ್ಸ್ ಅಳೆದು ಬರೆದಿಡಿ. ಆಮೇಲೆ ಏನಾದರೂ ಕೆಟ್ಟರೆ ಯಾವ ಹಂತದಲ್ಲಿ ಅಂತ ತಿಳಿಯುತ್ತದೆ.

ಪ್ರಶ್ನಿಸಿದವರು:
1.8 ಮಿಮೀ ಬಿಲ್ಲೆಯಲ್ಲಿ ಮಾಡಿದೆ. ಎಕೋ ಈಗ ಎದ್ದು ಕಾಣುತ್ತದೆ, ಉಬ್ಬು ಇಲ್ಲ. ರಿಂಗಿಂಗ್ ಸ್ವಲ್ಪ ಉಳಿದಿದೆ. ಮುಂಬದಿಗೆ ಮ್ಯಾಚಿಂಗ್ ಲೇಯರ್ (ಬಿಲ್ಲೆಯಿಂದ ನೀರಿಗೆ ಶಬ್ದ ದಾಟಿಸುವ ಪದರ) ಹಾಕಿದರೆ ಹೋಗುತ್ತಾ?

ಉತ್ತರ:
ಬಹುಪಾಲು ಹೋಗುತ್ತದೆ. ದಪ್ಪ ಕಾಲು ತರಂಗಾಂತರ ಇರಬೇಕು. ಸಿಲ್ವರ್ ಎಪಾಕ್ಸಿಯನ್ನೇ ಹಾಕಿ, ಅದರಲ್ಲಿ ವೇಗ ಸುಮಾರು 1900 ಮೀಟರ್, ಹಾಗಾಗಿ 24 ಮೈಕ್ರಾನ್. ಮೊದಲು ದಪ್ಪಗೆ ಹಾಕಿ, ಗಟ್ಟಿಯಾದ ಮೇಲೆ ಗಾಜಿನ ಮೇಲೆ ಉಜ್ಜುತ್ತಾ ಇಳಿಸಿ. ನಡುನಡುವೆ ಎಕೋ ನೋಡುತ್ತಿರಿ. ಗ್ರೌಂಡ್ ಕನೆಕ್ಷನ್ ಕೂಡ ಅದರಿಂದಲೇ ಆಗುತ್ತದೆ.