ಗಾಳಿ ತೆಗೆಸಿ, ಸ್ಪ್ರಿಂಗ್ ಹಾಕಿಸಿ

ಗುಂಪು: ದೊಡ್ಡಮನೆ ಬಳಗ 🏡

ರಮೇಶ ಚಿಕ್ಕಪ್ಪ, 6:48
(ಹಲವು ಬಾರಿ ಫಾರ್ವರ್ಡ್ ಆಗಿದೆ)
⚠️ ಹಳೇ ಲಕ್ಷುರಿ ಕಾರು ಇರುವವರೇ ಎಚ್ಚರ!! ⚠️ ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಕಾರು ನಿಲ್ಲುವ ವ್ಯವಸ್ಥೆ) ಎಂಬುದು ದೊಡ್ಡ ಮೋಸ. ರಬ್ಬರ್ ಚೀಲ ಒಡೆದರೆ ಓಡುವ ಕಾರು ಕ್ಷಣದಲ್ಲಿ ಪಲ್ಟಿ! ಇಂದೇ ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಸಿ, ಜೀವನಪೂರ್ತಿ ಚಿಂತೆಯಿಲ್ಲ. ಸವಾರಿಯಲ್ಲಿ ಒಂದಿಷ್ಟೂ ವ್ಯತ್ಯಾಸ ಆಗದು. ಚಿತ್ರ ನೋಡಿ 👇 (ಅದಕ್ಕೂ ಮೊದಲು ಗಾಳಿ ತುಂಬುವ ಕಂಪ್ರೆಸರಿನ ಸ್ವಿಚ್, ಅಂದರೆ ರಿಲೇ, ಪರೀಕ್ಷಿಸಿ.) 10 ಜನರಿಗೆ ಕಳಿಸಿ 🙏
[ಚಿತ್ರ]

ರಮೇಶ ಚಿಕ್ಕಪ್ಪ, 6:49
@ಸುಮಂತ ನಿನಗೋಸ್ಕರಾನೇ ಹಾಕಿದ್ದು. ಆ ಬೆಂಜ್ ಎಸ್-ಕ್ಲಾಸ್ ತಗೋವಾಗಲೇ ಬೇಡ ಅಂದಿದ್ದೆ.

ಶಾರದತ್ತೆ, 6:55
ಅಯ್ಯೋ ಪಲ್ಟಿನಾ?? ಸುಮಂತ, ಇವತ್ತು ಕಾರು ತೆಗೀಬೇಡ ಕಣೋ

ಗೀತಾ, 7:02
ಚಿಕ್ಕಪ್ಪ, ಇದನ್ನ ಬರೆದೋರು ಯಾರು? ಎಲ್ಲಿ, ಯಾವ ಕಾರು ಪಲ್ಟಿಯಾಯ್ತು?

ರಮೇಶ ಚಿಕ್ಕಪ್ಪ, 7:03
ಎಲ್ಲದಕ್ಕೂ ಆಧಾರ ಕೇಳ್ತೀಯಲ್ಲಮ್ಮ. ಹಿರಿಯರು ಒಂದು ಒಳ್ಳೇ ಮಾತು ಹೇಳೋ ಹಾಗಿಲ್ಲ.

ಗೀತಾ, 7:03
ಟೈರಿಗೆ ನೈಟ್ರೋಜನ್ ಹಾಕಿದ್ರೆ ಮೈಲೇಜ್ ದುಪ್ಪಟ್ಟು ಅಂತ ಹಾಕಿದ್ದೂ ನೀವೇ ಅಲ್ವಾ

ದೊಡ್ಡಪ್ಪ, 7:10
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈಗಿನವರಿಗೆ ಹಳೇ ಕಾರಾದರೂ ಸರಿ, ಮೂರು ಮೂಲೆ ನಕ್ಷತ್ರ ಬೇಕು. ಶುಭ ಮುಂಜಾನೆ.

ಸುಮಂತ, 7:14
ದೊಡ್ಡಪ್ಪ, ಹಾಸಿಗೆ ಸರಿಯಾಗೇ ಇದೆ, ಒಂದು ಮೂಲೆ ಮಾತ್ರ ಕುಸೀತಿದೆ 😅
ವೆಂಕಟೇಶ ಭಾವ, ನೀವೇ ಹೇಳಿ. 2003ರ ಎಸ್350, ಡಬ್ಲ್ಯೂ220. ಬೆಳಿಗ್ಗೆ ಎಡ ಮುಂದಿನ ಮೂಲೆ ಕೆಳಗೆ ಕೂತಿರುತ್ತೆ, ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಏಳುತ್ತೆ. ಸ್ಪ್ರಿಂಗ್ ಹಾಕಿಸಿಬಿಡ್ಲಾ?

ವೆಂಕಟೇಶ ಭಾವ, 7:31
ತಡಿ. ಮೊದಲು ಚಿತ್ರ ನೋಡಿ ಎಲ್ಲರೂ. ಅದು ಏರ್ ಸ್ಟ್ರಟ್ಟೇ (ಚಕ್ರದ ಮೇಲೆ ಕಾರನ್ನ ಹೊರೋ, ಗಾಳಿಚೀಲ ಇರೋ ಕಂಬ) ಅಲ್ಲ. ಎಬಿಸಿ (ಆಕ್ಟಿವ್ ಬಾಡಿ ಕಂಟ್ರೋಲ್) ಸ್ಟ್ರಟ್. 1999ರಲ್ಲಿ ಬೆಂಜಿನ ಸಿಎಲ್ ಕೂಪೆಯಲ್ಲಿ ಬಂತು, ಆಮೇಲೆ ಕೆಲವು ಎಸ್-ಕ್ಲಾಸ್‌ಗೂ ಬಂತು. ಅದರಲ್ಲಿ ಗಾಳಿಚೀಲ ಇಲ್ಲ. ಸ್ಟೀಲ್ ಕಾಯಿಲ್ ಸ್ಪ್ರಿಂಗ್, ಅದರ ಜೊತೆಗೆ ಪಂಪಿನ ಒತ್ತಡದಲ್ಲಿ ಆಡೋ ಆಯಿಲ್ ಸಿಲಿಂಡರ್.

ಗೀತಾ, 7:32
ಅಂದ್ರೆ ಸ್ಪ್ರಿಂಗ್ ಹಾಕಿಸಿ ಅನ್ನೋಕೆ ಸ್ಪ್ರಿಂಗಿನ ಫೋಟೋನೇ ತೋರಿಸಿ ಹೆದರಿಸಿದ್ದಾರೆ 😂😂

ರಮೇಶ ಚಿಕ್ಕಪ್ಪ, 7:33
ಚಿತ್ರ ಬಿಡಿ, ವಿಷಯ ನೋಡಿ

ವೆಂಕಟೇಶ ಭಾವ, 7:36
ವಿಷಯಕ್ಕೇ ಬಂದೆ ಚಿಕ್ಕಮಾವ. ಚೀಲ ಸಾಮಾನ್ಯವಾಗಿ ಬಲೂನಿನ ಹಾಗೆ ಢಮ್ ಅನ್ನಲ್ಲ. ಕೆಳಗಡೆ ರಬ್ಬರ್ ಮಡಚಿಕೊಂಡು ಉರುಳೋ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತೆ, ವಾರಗಟ್ಟಲೆ ಸಣ್ಣಗೆ ಸೋರುತ್ತೆ. ಪೂರ್ತಿ ಖಾಲಿಯಾದ್ರೆ ಆ ಮೂಲೆ ಬಂಪ್ ಸ್ಟಾಪ್ (ಕೊನೇ ತಡೆಯ ರಬ್ಬರ್ ಗಟ್ಟಿ) ಮೇಲೆ ಕೂರುತ್ತೆ. ಹಾಗೇ ಓಡಿಸಿದ್ರೆ ಟೈರು ಫೆಂಡರ್ (ಮಡ್‌ಗಾರ್ಡ್) ಒಳಗೆ ಉಜ್ಜುತ್ತೆ, ಖಾಲಿ ರಬ್ಬರ್ ಜಜ್ಜಿಹೋಗುತ್ತೆ. ಓಡಿಸಬಾರದು, ಅದು ನಿಜ.

ವೆಂಕಟೇಶ ಭಾವ, 7:41
ಸುಮಂತ, ಹೀಗೆ ಮಾಡು.
ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸು. ಸ್ಟೀರಿಂಗ್ ನೇರ ಇರಲಿ. ಗಾಡಿ ಆಫ್ ಮಾಡಿ ಕಂಪ್ರೆಸರ್ ರಿಲೇ ಮತ್ತೆ ಸಸ್ಪೆನ್ಷನ್ ಕಂಟ್ರೋಲ್ ಯೂನಿಟ್ಟಿನ ಫ್ಯೂಸ್ ಎರಡನ್ನೂ ತೆಗೆದಿಡು. ಕೆಲವು ಗಾಡಿಗಳು ನಿಂತಲ್ಲೇ ತಾವೇ ಎಚ್ಚೆತ್ತು ಲೆವೆಲ್ ಮಾಡಿಕೊಳ್ತವೆ. ರೇಂಜ್ ರೋವರ್ ಪಿ38 ಅಂತೂ ಇದಕ್ಕೆ ಹೆಸರುವಾಸಿ, ಒಂದು ಮೂಲೆ ಇಳಿದ್ರೆ ಉಳಿದ ಮೂರನ್ನೂ ಅದರ ಮಟ್ಟಕ್ಕೆ ಇಳಿಸಿಬಿಡುತ್ತೆ. ಆಗ ಸೋರ್ತಿರೋದು ಯಾವುದು ಅಂತ ಗೊತ್ತಾಗಲ್ಲ.
ಆಮೇಲೆ ನಾಲ್ಕೂ ಕಡೆ ಚಕ್ರದ ನಟ್ಟನಡುವಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಡು. ನೆಲದಿಂದ ಅಳೀಬೇಡ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತೆ. ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಮತ್ತೆ ಅಳಿ.

ವೆಂಕಟೇಶ ಭಾವ, 7:44
ಒಂದೇ ಮೂಲೆ ಇಳಿದಿದ್ರೆ ಆ ಕಡೆಯ ಸ್ಟ್ರಟ್, ಪೈಪು, ಇಲ್ಲಾ ವಾಲ್ವ್ ಬ್ಲಾಕಲ್ಲಿ (ನಾಲ್ಕೂ ಮೂಲೆಗೆ ಗಾಳಿ ಹಂಚೋ ಡಬ್ಬಿ) ಅದರ ವಾಲ್ವ್. ಗಾಳಿ ತುಂಬಿರುವಾಗ ಸೋಪು ನೀರು ಸ್ಪ್ರೇ ಮಾಡು: ಸ್ಟ್ರಟ್ ತಲೆಯ ಫಿಟ್ಟಿಂಗ್, ರಬ್ಬರ್ ಮಡಿಕೆ (ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಕಾಣುತ್ತೆ), ವಾಲ್ವ್ ಬ್ಲಾಕ್. ಎಲ್ಲೂ ಗುಳ್ಳೆ ಬರದೇ ಮೂಲೆ ಮಾತ್ರ ಇಳಿತಿದ್ರೆ ಬ್ಲಾಕ್ ಒಳಗಿನ ವಾಲ್ವ್ ಸರಿಯಾಗಿ ಮುಚ್ಚಿಕೊಳ್ತಿಲ್ಲ ಅಂತ ಅನುಮಾನ ಪಡು. ಕಾರಿನ ಕೆಳಗೆ ಕೈ ಹಾಕೋದಾದ್ರೆ ಜ್ಯಾಕ್ ಸ್ಟ್ಯಾಂಡ್ ಕೊಟ್ಟೇ. ಗಾಳಿ ಮೇಲೆ ನಿಂತ ಕಾರಿನಡಿ ತಲೆ ತೂರಿಸಬೇಡ.

ಪ್ರಶಾಂತ, 7:50
ಅಜ್ಜನ ಜೀಪ್ ನೆನಪಿದ್ಯಾ ಯಾರಿಗಾದ್ರೂ? ಲೀಫ್ ಸ್ಪ್ರಿಂಗು! ಹಿಂದೆ ಕೂತ್ರೆ ತಲೆ ಟಾಪಿಗೆ ಬಡೀತಿತ್ತು. ಆ ಮಜಾನೇ ಬೇರೆ ❤️

ಶಾರದತ್ತೆ, 7:52
ಅದನ್ನ ಮಾರಿದ್ದು ಯಾರು ಅಂತಾನೂ ಕೇಳು

ದೊಡ್ಡಪ್ಪ, 7:53
ಆ ಮಾತು ಇಲ್ಲಿ ಬೇಡ.

ಪ್ರಶಾಂತ, 7:53
ಫೋಟೋ ಇದ್ರೆ ಹಾಕಿ ಅತ್ತೆ

ರಮೇಶ ಚಿಕ್ಕಪ್ಪ, 7:58
ಅಳಿಯಂದಿರೇ, ಇಷ್ಟೆಲ್ಲ ಪೂಜೆ ಯಾಕೆ? ನಾಲ್ಕು ಸ್ಪ್ರಿಂಗ್ ಹಾಕಿದ್ರೆ ಮುಗೀತು.

ಗೀತಾ, 8:04
ಮುಗಿಯಲ್ಲ ಚಿಕ್ಕಪ್ಪ. ‘ಒಂದಿಷ್ಟೂ ವ್ಯತ್ಯಾಸ ಆಗದು’ ಅಂತಿದೆಯಲ್ಲ, ಲೆಕ್ಕ ಹಾಕಿ ನೋಡಿ. ಮೆತ್ತಗಿನ ಸವಾರಿ ಅಂದ್ರೆ ಬಾಡಿ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸಲ ಏಳಬೇಕು, ಬೀಳಬೇಕು, 1 ಹರ್ಟ್ಜ್. ಸ್ಟೀಲ್ ಸ್ಪ್ರಿಂಗಲ್ಲಿ ಅದು ಬೇಕಾದ್ರೆ ಕಾರಿನ ಸ್ವಂತ ಭಾರಕ್ಕೇ ಚಕ್ರದ ಹತ್ತಿರ ಸುಮಾರು 25 ಸೆಂ.ಮೀ. ಕುಗ್ಗಿರಬೇಕು. ಹಿಂದಿನ ಆಕ್ಸಲ್ ಮೇಲೆ ಇನ್ನು 20% ಭಾರ ಬಿತ್ತು ಅಂತಿಟ್ಕೊಳ್ಳಿ, ಮತ್ತೆ 5 ಸೆಂ.ಮೀ. ಕೆಳಗೆ. ಹೆಡ್‌ಲೈಟು ಆಕಾಶ ನೋಡುತ್ತೆ. ಅದಕ್ಕೇ ಸ್ಪ್ರಿಂಗ್ ಬಿಗಿ ಮಾಡ್ತಾರೆ. 1.4 ಹರ್ಟ್ಜ್ ಮಾಡಿದ್ರೆ ಇಳಿಯೋದು ಎರಡೂವರೆ ಸೆಂ.ಮೀ. ಮಾತ್ರ, ಆದ್ರೆ ರಸ್ತೆಯ ಗೆರೆಗೆರೆಯೂ ಸೀಟಿಗೆ ಬರುತ್ತೆ. ಏರ್ ಸಸ್ಪೆನ್ಷನ್ನಲ್ಲಿ ಭಾರ ಹೆಚ್ಚಿದ ಹಾಗೆ ಒಳಗಿನ ಒತ್ತಡ ಹೆಚ್ಚಿಸ್ತಾರೆ, ಜೊತೆಗೆ ಗಡಸೂ ಹೆಚ್ಚುತ್ತೆ. ಹಾಗಾಗಿ ಎತ್ತರ, ಸವಾರಿ ಎರಡೂ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ.

ಪ್ರಶಾಂತ, 8:05
ಗೀತಕ್ಕ ಮೇಷ್ಟ್ರು ಶುರು ಮಾಡಿದ್ರು 🙏

ವೆಂಕಟೇಶ ಭಾವ, 8:15
ಗೀತಾ ಹೇಳಿದ್ದು ಸರಿ. ಇನ್ನೊಂದು, ಸುಮಂತನ ಕಾರಲ್ಲಿ ಸ್ಟ್ರಟ್ ಒಳಗೇ ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇದೆ, ಸ್ಪ್ರಿಂಗ್ ಕಿಟ್ ಹಾಕಿದ್ರೆ ಅದೂ ಹೋಗುತ್ತೆ. ಕಂಟ್ರೋಲ್ ಯೂನಿಟ್ಟಿಗೆ ಚೀಲ ಸಿಗದೇ ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ನಿಲ್ಲುತ್ತೆ. ಅದಕ್ಕೆ ಕಿಟ್ ಜೊತೆ ಸುಳ್ಳು ಸಿಗ್ನಲ್ ಕೊಡೋ ಮಾಡ್ಯೂಲ್ ಬೇಕು, ಇಲ್ಲಾ ಕೋಡಿಂಗ್ ಮಾಡಬೇಕು. ಸ್ಪ್ರಿಂಗು ಇಂಜಿನ್ ಭಾರಕ್ಕೆ ಹೊಂದಬೇಕು, ವಿ8ರದ್ದು ವಿ6ಗೆ ಹಾಕಿದ್ರೆ ಮೂತಿ ಎತ್ತಿಕೊಂಡು ನಿಲ್ಲುತ್ತೆ. ಎತ್ತರ ಬದಲಾದ್ರೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎರಡೂ ಮತ್ತೆ ಹೊಂದಿಸಬೇಕು. ‘ಜೀವನಪೂರ್ತಿ’ ಅನ್ನೋದೂ ಸುಳ್ಳು, ಕಾಯಿಲ್ ಕೂಡ ತುಕ್ಕು ಹಿಡಿದು ಕೆಳಗಿನ ಸುತ್ತಲ್ಲಿ ಮುರಿಯುತ್ತೆ.
ಸ್ಪ್ರಿಂಗ್ ಯಾವಾಗ ಸರಿ? ನಾಲ್ಕೂ ಸ್ಟ್ರಟ್, ಕಂಪ್ರೆಸರ್, ವಾಲ್ವ್ ಬ್ಲಾಕ್ ಒಟ್ಟಿಗೇ ಕೈಕೊಟ್ಟು ಪಾರ್ಟ್ ಸಿಗದಿದ್ದಾಗ. ಇಲ್ಲಾ ಪಿ38 ಥರದ ಗಾಡಿಯಾದ್ರೆ, ಅದರಲ್ಲಿ ಚೀಲ ಬೇರೆ, ಶಾಕ್ ಬೇರೆ, ಚೀಲದ ಜಾಗದಲ್ಲಿ ಕಾಯಿಲ್ ಸುಲಭಕ್ಕೆ ಕೂರುತ್ತೆ.

ರಮೇಶ ಚಿಕ್ಕಪ್ಪ, 8:16
ನೋಡಿ, ಅಳಿಯಂದಿರೇ ಒಪ್ಪಿಕೊಂಡ್ರು. ಸ್ಪ್ರಿಂಗ್ ಸರಿ ಅಂತ.

ಗೀತಾ, 8:16
🤦‍♀️

ಶಾರದತ್ತೆ, 8:20
ರಮೇಶ, ನೀನು ಕಳಿಸಿದ್ದರಲ್ಲೇ ಕೊನೆಗೆ ರಿಲೇ ನೋಡಿ ಅಂತಿದೆಯಲ್ಲೋ. ಓದಿದ್ಯಾ?

ರಮೇಶ ಚಿಕ್ಕಪ್ಪ, 8:21
ಕನ್ನಡಕ ಇರಲಿಲ್ಲ

ವೆಂಕಟೇಶ ಭಾವ, 8:27
ಆ ಫಾರ್ವರ್ಡಲ್ಲಿ ಕೆಲಸಕ್ಕೆ ಬರೋ ಸಾಲು ಅದೊಂದೇ. ಚೀಲ ಸೋರಿದ್ರೆ ಕಂಪ್ರೆಸರ್ ಪದೇ ಪದೇ ಓಡುತ್ತೆ, ರಿಲೇ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತೆ. ಆಮೇಲೆ ಮೋಟರ್ ನಿಲ್ಲೋದೇ ಇಲ್ಲ, ಪಿಸ್ಟನ್ ರಿಂಗ್ ಸವೆದು ಒತ್ತಡ ಬರಲ್ಲ. ಗಾಳಿಯ ತೇವ ಹೀರೋ ಡ್ರೈಯರ್ ಒಳಗಿನ ಸಿಲಿಕಾ ಜೆಲ್ ಒಣಗೋದು ಗಾಳಿ ಅದರ ಮೂಲಕ ವಾಪಸ್ ಹೊರಗೆ ಹೋಗುವಾಗ. ಸೋರೋ ಕಾರಲ್ಲಿ ಗಾಳಿ ಆ ದಾರಿಯಲ್ಲಿ ವಾಪಸ್ ಬರೋದೇ ಕಡಿಮೆ, ತೇವ ಉಳಿದು ವಾಲ್ವ್ ಬ್ಲಾಕಿಗೆ ಇಳಿಯುತ್ತೆ. ಸ್ಟ್ರಟ್ ಬದಲಿಸುವಾಗ ರಿಲೇನೂ ಬದಲಿಸು, ಡ್ರೈಯರ್ ನೋಡಿಸು. ಹೊಸ ಸ್ಟ್ರಟ್ ಹಾಕಿದ ಮೇಲೆ ಚಕ್ರ ನೇತಾಡ್ತಿರುವಾಗಲೇ ಸ್ಕ್ಯಾನ್ ಟೂಲಿಂದ ಸ್ವಲ್ಪ ಗಾಳಿ ತುಂಬಿಸಬೇಕು, ಆಮೇಲೆ ಇಳಿಸಬೇಕು. ಖಾಲಿ ಚೀಲದ ಮೇಲೆ ಕಾರು ಕೂರಿಸಿದ್ರೆ ಹೊಸ ರಬ್ಬರ್ ಅಲ್ಲೇ ತಪ್ಪಾಗಿ ಮಡಚಿ ಹಾಳು. ಪೈಪಿನ ತುದಿ ಬ್ಲೇಡಲ್ಲಿ ನೇರವಾಗಿ ಕತ್ತರಿಸು. ಹಳೇ ಫಿಟ್ಟಿಂಗ್ ಮತ್ತೆ ಹಾಕಬೇಡ.

ದೊಡ್ಡಪ್ಪ, 8:40
ತಾಳ್ಮೆಯಿಂದ ಪರೀಕ್ಷಿಸಿ ನಿರ್ಧರಿಸುವುದು ಜಾಣರ ಲಕ್ಷಣ. ಇದನ್ನೇ ನಾನು ಬೆಳಿಗ್ಗೆ ಹೇಳಿದ್ದು.

ಪ್ರಶಾಂತ, 8:41
ಯಾವಾಗ ಹೇಳಿದ್ರಿ ದೊಡ್ಡಪ್ಪ 😄

*ಮರುದಿನ*

ಸುಮಂತ, 6:35
ಭಾವ, ಅಳೆದೆ. ರಾತ್ರಿ ಮುಂದೆ ಎರಡೂ ಕಡೆ 37 ಸೆಂ.ಮೀ. ಈಗ ಎಡ 33, ಬಲ 34. ಹಿಂದೆ ಎರಡೂ 35 ಇದ್ದದ್ದು 34 ಆಗಿದೆ. ಅಂದ್ರೆ ಎರಡೂ ಮುಂದಿನ ಸ್ಟ್ರಟ್ ಹೋಗಿದ್ಯಾ?

ಗೀತಾ, 6:38
ರಿಲೇ, ಫ್ಯೂಸ್ ತೆಗೆದಿದ್ಯಾ?

ಸುಮಂತ, 6:39
ಯಾವ ಫ್ಯೂಸು?

ವೆಂಕಟೇಶ ಭಾವ, 6:52
ನಿನ್ನೆ 7:41ರ ಮೆಸೇಜ್ ಓದು. ರಾತ್ರಿ ಮತ್ತೆ ಅಳಿ.