ತುಂಗೆಯ ದಡದಲ್ಲಿ ನಡೆದು ಕೆಳದಿಯ ಕಡಲ ಕಥೆ ಹೇಳುವುದು ಹೇಗೆ?

ಪ್ರಶ್ನೆ:
ಹೈಸ್ಕೂಲಿನಲ್ಲಿ ಓದುತ್ತಿರುವ ಅಕ್ಕನ ಮಕ್ಕಳಿಬ್ಬರು ರಜೆಗೆ ಶಿವಮೊಗ್ಗಕ್ಕೆ ಬರುತ್ತಿದ್ದಾರೆ. ಕೆಳದಿಯ ಅರಸರು ಪೋರ್ಚುಗೀಸರೊಡನೆ ಕಾದಿದ ಪಾಠ ಓದಿದ ಮೇಲೆ, "ಹಾಗಾದರೆ ತುಂಗೆಯಲ್ಲಿ ಹಡಗು ಬರುತ್ತಿತ್ತೇ?" ಎಂದು ಚಿಕ್ಕವಳು ಫೋನಿನಲ್ಲಿ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಗೈಡ್ ಇಲ್ಲದೆ, ಒಂದು ಬೆಳಗಿನಲ್ಲಿ ನಾವೇ ಹೊಳೆಯ ದಡದಲ್ಲಿ ನಡೆದು ನೋಡಬೇಕೆಂದಿದ್ದೇವೆ. ಎಲ್ಲಿಂದ ಹೊರಡುವುದು ಒಳ್ಳೆಯದು?

ಉತ್ತರ:
ಮೊದಲು ಮಗುವಿನ ಪ್ರಶ್ನೆಗೆ: ಹಡಗು ಬರುತ್ತಿರಲಿಲ್ಲ. ತುಂಗೆ ಹರಿಯುವುದು ಪೂರ್ವಕ್ಕೆ. ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಕೆಳದಿಯವರ ಬಂದರುಗಳಿದ್ದದ್ದು ಪಶ್ಚಿಮದಲ್ಲಿ. ನಮ್ಮ ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು, ಬಸರೂರು, ಹೊನ್ನಾವರಗಳಂಥ ಕಡೆ ದೋಣಿ ಏರುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡ. ಆ ರಾಯಭಾರದ ಮುಖ್ಯ ಮಾತುಗಳಲ್ಲಿ ಮೆಣಸಿನ ವ್ಯಾಪಾರವೂ ಒಂದು.

ಆದ್ದರಿಂದ ನಡಿಗೆಯನ್ನು ಕೋಟೆಯ ಶಿವಪ್ಪ ನಾಯಕ ಅರಮನೆಯಲ್ಲಿ ಆರಂಭಿಸಿ. ಮರದ ಕಂಬಗಳ ನಡುವೆ ಕುಳಿತು, 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಕಥೆಯನ್ನು ಹೇಳಿ; ಅಂಗಳದ ವೀರಗಲ್ಲುಗಳನ್ನು ಅವಸರವಿಲ್ಲದೆ ನೋಡಲು ಬಿಡಿ. ಆಮೇಲೆ ಕೋಟೆ ಆಂಜನೇಯನಿಗೆ ಕೈಮುಗಿದು ಹೊಳೆಯತ್ತ ಬನ್ನಿ. ಕೋರ್ಪಲಯ್ಯನ ಛತ್ರದ ಬಳಿ ನೀರಿನೊಳಗೇ ನಿಂತಿರುವ ಕಲ್ಲಿನ ಮಂಟಪವೇ ನಮ್ಮೂರಿನ ಅಳತೆಗೋಲು. ಬೇಸಿಗೆಯಲ್ಲಿ ಅದರ ಬುಡ ಕಾಣುತ್ತದೆ. ಮಳೆಗಾಲದಲ್ಲಿ ಗಾಜನೂರಿನ ಅಣೆಕಟ್ಟಿನ ಗೇಟು ತೆರೆದಾಗ ಕೆಂಪು ನೀರು ಕಂಬಗಳನ್ನು ಏರುತ್ತಾ ಹೋಗಿ, ಮಂಟಪ ಪೂರ್ತಿ ಮುಳುಗಿದ ದಿನ "ತುಂಗೆ ತುಂಬಿದಳು" ಎಂದು ಊರೇ ಛತ್ರಿ ಹಿಡಿದು ನೋಡಲು ಬರುತ್ತದೆ. ಯಾವ ಫಲಕವೂ ಹೇಳಲಾಗದಷ್ಟನ್ನು ಆ ಮಂಟಪವೊಂದೇ ಹೇಳುತ್ತದೆ ಎಂದು ನನ್ನ ನಂಬಿಕೆ.

ಮತ್ತೊಂದು ಉತ್ತರ:
ಮೇಲಿನವರ ಮಾತು ಸರಿ, ಆದರೆ ನಡಿಗೆ ಮಂಟಪದ ಬಳಿಯೇ ಮುಗಿದರೆ ಮಕ್ಕಳು ದೋಣಿಯನ್ನೇ ಕಾಣದೆ ಹೋಗುತ್ತಾರೆ. ಸೇತುವೆಗಳು ಬರುವ ಮೊದಲು ಹೊಳೆ ದಾಟಿಸುತ್ತಿದ್ದದ್ದು ಹರಿಗೋಲು. ಬಿದಿರಿನ ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ಅದಕ್ಕೆ ಮುಂದು ಹಿಂದು ಇಲ್ಲದ್ದರಿಂದ, ಹುಟ್ಟು ಎಳೆಯುವ ಕೈ ತಪ್ಪಿದರೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಅಂಬಿಗರ ಕೈಚಳಕ ಎಂಥದ್ದೆಂದು ಅರಿಯಲು ಎರಡು ನಿಮಿಷ ನೋಡಿದರೆ ಸಾಕು.

ಇನ್ನೊಂದು ದಿನ ಸಿಕ್ಕರೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥಕ್ಕೆ ಹೋಗಿ. ತುಂಗೆ ಹಾದುಹೋಗುವ ಅದೇ ತಾಲ್ಲೂಕಿನಲ್ಲಿ ಶರಾವತಿ ಹುಟ್ಟಿ, ಪಶ್ಚಿಮಕ್ಕೆ ತಿರುಗಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಮಗು ಕೇಳಿದ ಹಡಗಿನ ಹೊಳೆ ಅದು. ಅದೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ತುಮರಿ ಕಡೆಯವರನ್ನು ದಶಕಗಳ ಕಾಲ ದಾಟಿಸಿದ್ದು ಅಂಬಾರಗೋಡ್ಲಿನ ಲಾಂಚ್. ಜುಲೈ 2025ರಲ್ಲಿ ಸಿಗಂದೂರು ಸೇತುವೆ ತೆರೆಯಿತು. ಲಾಂಚಿನ ಕಬ್ಬಿಣದ ಹಲಗೆ ದಡಕ್ಕೆ ಬಡಿಯುವ ಸದ್ದು, ಬಸ್ಸಿನ ಪಕ್ಕದಲ್ಲೇ ಅಡಿಕೆ ಚೀಲ ಹಿಡಿದು ನಿಂತ ಜನ, ಇವೆಲ್ಲವನ್ನೂ ಅಲ್ಲಿನ ಹಿರಿಯರ ಬಾಯಿಂದ ಮಕ್ಕಳು ಈಗಲೇ ಕೇಳಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅರಮನೆ, ಮಂಟಪ, ಆಮೇಲೆ ಕೂಡಲಿ ಎಂದುಕೊಂಡಿದ್ದೇನೆ. ಕೂಡಲಿಯ ಮೆಟ್ಟಿಲುಗಳಲ್ಲಿ ಮಕ್ಕಳನ್ನು ನೀರಿಗೆ ಇಳಿಸಬಹುದೇ?

ಉತ್ತರ:
ಬೇಸಿಗೆಯಲ್ಲಿ, ಕೈ ಹಿಡಿದುಕೊಂಡು, ಕಾಲು ನೆನೆಯುವಷ್ಟು ಮಾತ್ರ. ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ, ಮಳೆಗಾಲದಲ್ಲಂತೂ ಬೇಡವೇ ಬೇಡ.